ಮುಚ್ಚೂರು ಸೀಮೆಗೆ ವಾಪಸ್ ಬಂದವರು

ಮನೆಯಲ್ಲಿದ್ದ ಕುರ್ಚಿಗಳನ್ನೆಲ್ಲ ತಂದು ಹಾಲ್‌ನಲ್ಲಿ ಹಾಕಿದ್ದೆ. ಬಂದವರು ಒಬ್ಬರೇ.

ಹೋದ ತಿಂಗಳು ಇದೇ ಅಂಕಣದಲ್ಲಿ ಬರೆದಿದ್ದೆನಲ್ಲ? ನಾನೊಂದು ಸುಳ್ಳು ದೇಶ ಕಟ್ಟುತ್ತಿದ್ದೇನೆ, ಮಾತಿನಲ್ಲೇ ಆಡುವ ಆಟ, ಇಷ್ಟವಿದ್ದವರು ಭಾನುವಾರ ಶ್ರೀರಂಗಪಟ್ಟಣದ ನಮ್ಮ ಮನೆಗೆ ಬನ್ನಿ ಎಂದು. ಫೋನ್ ಮಾಡಿ 'ಖಂಡಿತಾ' ಎಂದವರು ಬಹಳ. (ನೀವೂ ಇದ್ದಿರಿ.) ಒಂಟಿ ಹೆಂಗಸಿನ ಮನೆಯಲ್ಲಿ ಒಂದು ಸಂಜೆಯಾದರೂ ಗದ್ದಲವಿರಲಿ ಎಂಬ ಆಸೆ ನನ್ನದು. ಉಪ್ಪಿಟ್ಟನ್ನಂತೂ ಬೀದಿಗೆಲ್ಲ ಆಗುವಷ್ಟು ಮಾಡಿದ್ದೆ.

ಬಂದವರು ಪಾಂಡವಪುರದ ರಹಮತ್ ಭಾಯ್. ಅರವತ್ತು ದಾಟಿದ ವಯಸ್ಸು. ಬೈಕಿಗೆ ಸೀಟ್ ಕವರ್ ಹೊಲಿಯುವ ಅಂಗಡಿ.

"ಬ್ಯಾರೇರು ಬರ್ತಾವ್ರಾ ಮೇಡಮ್?"

"ಅನುಮಾನ."

"ಇರ್ಲಿ ಬುಡಿ. ಇಬ್ರೇ ಆಡಾಣ."

ನನ್ನ ದೇಶದ ಹೆಸರು ಮುಚ್ಚೂರು ಸೀಮೆ. ಸುತ್ತ ಬೆಟ್ಟ. ಬೆಟ್ಟ ದಾಟಿ ಹೋಗಿ, ಸಾಹಸ ಮಾಡಿ ವಾಪಸ್ ಬಂದವರ ಕೈಗೆ ನೀಲಿ ಹಚ್ಚೆ ಹಾಕುತ್ತಾರೆ. ಅಲ್ಲಿಗೆ ಅವರು ಕಾನೂನಿನ ಆಚೆಯವರು. ಅವರಿಗೆ ಯಾರೂ ನೀರು ಕೊಡುವಂತಿಲ್ಲ, ಮಾತಿಗೆ ಉತ್ತರಿಸುವಂತಿಲ್ಲ. ಮಾಡಿದರೆ ಮಾಡಿದವರಿಗೂ ಹಚ್ಚೆ. ಯಾಕೆ ಇಂಥ ಕಾನೂನು? ಹೊರಗೆ ಇನ್ನೇನೋ ಇದೆ ಎಂದು ಗೊತ್ತಾದರೆ ಒಳಗಿರುವವರಿಗೆ ನಿದ್ದೆ ಬರುವುದಿಲ್ಲವಲ್ಲ!

ಡ್ರ್ಯಾಗನ್ನು, ನಿಧಿ ಎಲ್ಲವನ್ನೂ ಬೆಟ್ಟದಾಚೆ ಇಟ್ಟಿದ್ದೆ. ಅದ್ಯಾವುದೂ ಬೇಡ ಎಂದರು ರಹಮತ್ ಭಾಯ್.

"ನಾನು ವಾಪಸ್ ಬಂದೋನು ಆಯ್ತೀನಿ. ಊರೊಳಿಕ್ಕೆ ಬುಡಿ."

ಆಟದಲ್ಲಿ ಊರಿನವರೆಲ್ಲ ನಾನೇ. ಅವರು ಮೇಜನ್ನು ಬೆರಳಿನಿಂದ ತಟ್ಟಿ, "ಅಕ್ಕಾ, ಒಂದ್ ಲೋಟ ನೀರು" ಎನ್ನುತ್ತಿದ್ದರು. ನಾನು ರೂಲ್ಸ್ ಪ್ರಕಾರ ಸುಮ್ಮನಿರುತ್ತಿದ್ದೆ. ಪಕ್ಕದ ಮನೆ. ಅಲ್ಲೂ ಸುಮ್ಮನೆ. ಮೊದಮೊದಲು ಇಬ್ಬರಿಗೂ ನಗು. ಬೀದಿ ಮುಗಿಯುವ ಹೊತ್ತಿಗೆ ಅವರ ಬೆರಳು ಮೇಜಿನ ಮೇಲೆ ಹಾಗೇ ನಿಂತುಬಿಟ್ಟಿತು.

"ನೀರು ಬ್ಯಾಡ. ಬಾಗ್ಲೂ ತೆಗೀಬ್ಯಾಡಿ. ಯಾರು ಅಂತ ಒಂದ್ ಮಾತು ಕೇಳ್ಬುಡಿ, ಸಾಕು."

ಕಾನೂನು ಬರೆದವಳು ನಾನೇ ತಾನೇ? "ಯಾರು?" ಎಂದೆ.

ಅವರ ಪಾತ್ರಕ್ಕೆ ಒಂದು ಹೆಸರು ಇಟ್ಟಿದ್ದೆವು. ಅದನ್ನು ಹೇಳಲಿಲ್ಲ. "ರಹಮತ್. ನಿನ್ ತಮ್ಮ" ಎಂದರು.

ಉಪ್ಪಿಟ್ಟು ತಿನ್ನುತ್ತಾ ಉಳಿದದ್ದನ್ನು ಹೇಳಿದರು. ಹರೆಯದಲ್ಲಿ ಅಪ್ಪನ ಅಂಗಡಿ ಬಿಟ್ಟು, ಎಕ್ಸಿಬಿಷನ್ನುಗಳಲ್ಲಿ ಮರಣಬಾವಿ ತೋರಿಸುವ ತಂಡ ಸೇರಿದ್ದರಂತೆ. ಮರದ ಬಾವಿಯ ಗೋಡೆಯ ಮೇಲೆ ಗಿರಗಿರನೆ ಬೈಕ್ ಓಡಿಸುತ್ತಾರಲ್ಲ, ಅದು. ಅಪ್ಪ ತೀರಿಕೊಂಡಾಗ ಇವರು ಎಲ್ಲೋ ನಾಗಪುರದ ಕಡೆ. ಸುದ್ದಿ ತಲುಪುವಷ್ಟರಲ್ಲಿ ಮಣ್ಣಾಗಿತ್ತು. ಊರಿಗೆ ಬಂದಾಗಿನಿಂದ ಅಣ್ಣ ಮಾತಾಡಿಲ್ಲ. ಇಬ್ಬರದೂ ಒಂದೇ ಬೀದಿ. ಮದುವೆ, ಈದ್, ಸಾವು, ಎಲ್ಲದರಲ್ಲೂ ಎದುರಾಗುತ್ತಾರೆ. ಅಣ್ಣ ಇವರ ಹಿಂದಿನ ಗೋಡೆ ನೋಡುತ್ತಾರೆ.

"ಬೈದ್ರೆ ಪರವಾಗಿಲ್ಲ ಮೇಡಮ್. ಬೈಯೋದೂ ಇಲ್ವಲ್ಲ."

ನನ್ನ ಕಲ್ಪನೆ ಎಂದುಕೊಂಡು ಬೀಗಿದ್ದ ಶಿಕ್ಷೆ ಪಾಂಡವಪುರದ ಒಂದು ಬೀದಿಯಲ್ಲಿ ಆಗಲೇ ಜಾರಿಯಲ್ಲಿತ್ತು. ಹಚ್ಚೆ ಒಂದಿರಲಿಲ್ಲ, ಅಷ್ಟೇ. ಅವರು ಹೋದ ಮೇಲೆ ಕುರ್ಚಿಗಳನ್ನು ಒಳಗಿಡಲು ಮನಸ್ಸಾಗಲಿಲ್ಲ. ಅವರಿಗೆ ಟಿಫಿನ್ ಡಬ್ಬಿ ತುಂಬಿ ಕೊಟ್ಟಿದ್ದರೂ ಉಪ್ಪಿಟ್ಟು ಉಳಿದೇ ಇತ್ತು.

ಮೊನ್ನೆ ಅವರದೇ ಫೋನ್.

"ಅಣ್ಣನ ಬಾಗ್ಲು ತಟ್ಟಿದೆ ಮೇಡಮ್. 'ಕೌನ್' ಅಂದ, ಯಾರು ಅಂತ. ಎಸ್ರು ಯೋಳ್ದೆ."

"ಆಮೇಲೆ?"

"ಟಿವಿ ಸೌಂಡು ಕಮ್ಮಿ ಆಯ್ತು."

"ಬಾಗಿಲು?"

"ತೆಗೀಲಿಲ್ಲ. ವಸಿ ಒತ್ತು ನಿಂತಿದ್ದು ಬಂದ್ಬುಟ್ಟೆ. ಅತ್ಗೆ ತೀರೋದ್ಮೇಲೆ ಒಬ್ನೇ ಅವ್ನೆ ಒಳಗೆ. ನಾಳಿಕ್ಕೆ ಇನ್ನೊಂದ್ಸಲ ಓಯ್ತೀನಿ."

ಟಿವಿ ತಗ್ಗಿಸಿ ಕೂತ ಆ ಅಣ್ಣ, ಬಾಗಿಲಾಚೆಯಿಂದ ಇನ್ನೂ ಏನಾದರೂ ಕೇಳಿಸಲಿ ಎಂದು ಕಾಯುತ್ತಿದ್ದರೋ?