ನಮ್ಮವರ ಉದ್ದನೆಯ ಪೂಜೆ

ನಮ್ಮ ಮನೆಯವರ ಹೆಸರನ್ನು ಬಾಯಿಂದ ಹೇಳಬೇಕೆಂದರೆ ನಾನು ಪದ್ಯದೊಳಗೆ ಹುದುಗಿಸಿ ಒಡಪು ಕಟ್ಟಬೇಕು. ಬರೆಯುವುದಕ್ಕೆ ಅಡ್ಡಿಯಿಲ್ಲ. ಕುಬೇರಪ್ಪ. ಉಣಕಲ್‌ನಲ್ಲಿ ಮನೆ, ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರ. ವಯಸ್ಸು ಐವತ್ತರ ಹತ್ತಿರ. ಮಾತು ಕಡಿಮೆ, ಅಂಗಿ ಬಿಳಿ. ಅಷ್ಟಕ್ಕೇ ಓಣಿಯಲ್ಲಿ ಅಣ್ಣತಮ್ಮಂದಿರ ಜಗಳವಾದರೆ ಇವರನ್ನೇ ಕರೆಯುತ್ತಾರೆ. ಇವರು ಗಂಭೀರವಾಗಿ ಕೂತು ಎರಡು ಮಾತು ಆಡಿ ಬರುತ್ತಾರೆ, ಜನ ಅದನ್ನೇ ನ್ಯಾಯ ಅನ್ನುತ್ತಾರೆ. ಮನೆಯಲ್ಲಿ ಮಾತ್ರ ಉಂಡ ತಾಟು ಎತ್ತಿಡುವ ರೂಢಿ ಇಲ್ಲ. ಅಂಥ ಮನುಷ್ಯ ಹೋದ ಶ್ರಾವಣದಲ್ಲಿ ಒಂದು ದಿನ, "ಹಿಂದಿನ ಕೋಣಿ ಕಸಾ ಇನ್ನ ಮ್ಯಾಲೆ ನಾನ ಹೊಡಿತೇನಿ. ನೀ ಒಳಗ ಬರಬ್ಯಾಡ," ಅಂದಾಗಲೇ ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚಲಿ, ನಾನು ಹಿಗ್ಗಿದೆ.

ಹಿಂದಿನ ಕೋಣೆ ಅಂದರೆ ಇವರ ಪೂಜೆಯ ಕೋಣೆ. ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ಯಾರೂ ಉಣ್ಣುವುದಿಲ್ಲ. ಕೊರಳಲ್ಲಿರುವ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಕಣ್ಣು ನೆಟ್ಟು ಕೂಡುವುದು. ಒಲೆಯ ಮೇಲೆ ಬೇಳೆ ಇಟ್ಟು ಬಂದ ನನ್ನಂಥವಳಿಗೆ ಕುಕ್ಕರು ಕೂಗುವುದರೊಳಗೆ ಮುಗಿಯುತ್ತದೆ. ಪೂಜೆಗೆ ಕೂತವರನ್ನು ಕರೆಯಬಾರದು, ಬಾಗಿಲು ಬಡಿಯಬಾರದು. ಒಳಗಿದ್ದವರೂ ಮಾತಾಡುವುದಿಲ್ಲ. ಹೊರಗೆ ಯಾರಾದರೂ ಅವಸರ ಮಾಡಿದರೆ ಗಂಟೆ ಬಾರಿಸುತ್ತಾರೆ. ಇನ್ನೂ ಆಗಿಲ್ಲ, ತಡೆಯಿರಿ ಎಂದು ಅದರ ಅರ್ಥ.

ನಮ್ಮ ಅತ್ತೆ ಸಂಗವ್ವ ಹುಟ್ಟಿದಾಗಿನಿಂದ ಪೂಜೆ ತಪ್ಪಿಸಿದವರಲ್ಲ. ಬಾಣಂತನದಲ್ಲಿ ಬಿಟ್ಟಿಲ್ಲ, ಮಾವನವರು ತೀರಿಕೊಂಡ ದಿನವೂ ಬಿಟ್ಟಿಲ್ಲ. ಲಕ್ವ ಹೊಡೆದ ಮೇಲೆ ಅವರ ಕೈಯಲ್ಲಿ ನಡುಕ ಉಳಿಯಿತು. ಅಂಗೈಯಲ್ಲಿ ಲಿಂಗ ನಿಲ್ಲದಾಯಿತು. ಒಂದು ಸಲ ಜಾರಿ ಉಡಿಗೆ ಬಿತ್ತು. ನೆಲಕ್ಕೆ ಬಿದ್ದಿದ್ದರೆ ಏನು ಗತಿ ಎಂದು ಆ ದಿನವೆಲ್ಲ ಅತ್ತರು. ಮರುದಿನ ಮಗನನ್ನು ಎದುರಿಗೆ ಕೂಡಿಸಿಕೊಂಡು, "ತಮ್ಮಾ, ಇನ್ನ ನಿನ್ನ ಪೂಜಿನ ನನ್ನ ಪೂಜಿ. ನೀ ಪೂಜಿ ಮುಗಿಸಿ ಬಂದು ನನಗ ವಿಭೂತಿ ಹಚ್ಚು. ಆಮ್ಯಾಲೆ ನಾ ಪ್ರಸಾದ ತೊಗೋತೇನಿ," ಅಂದರು. ನಮ್ಮಲ್ಲಿ ಊಟಕ್ಕೆ ಪ್ರಸಾದ ಅನ್ನುವುದು. ಇವರು "ಆತವ್ವಾ" ಅಂದರು. ನಾನೇ ಕೇಳಿದ್ದೇನೆ.

ಅಂದಿನಿಂದ ಅತ್ತೆಯವರು ಕೋಣೆಯ ಬಾಗಿಲ ಬದಿಗೆ ಕುರ್ಚಿ ಹಾಕಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ಕೂಡತೊಡಗಿದರು. ಅವರಿಗೆ ಸಕ್ಕರೆ ರೋಗ. ಊಟಕ್ಕೆ ಸ್ವಲ್ಪ ಮುಂಚೆ ಗುಳಿಗೆ ಕೊಡಬೇಕು, ಗುಳಿಗೆ ಕೊಟ್ಟ ಮೇಲೆ ಊಟ ತಡವಾಗಬಾರದು. ಮೊದಮೊದಲು ಲೆಕ್ಕ ಸರಿಹೋಗುತ್ತಿತ್ತು. ಶ್ರಾವಣದ ಹೊತ್ತಿಗೆ ಇವರ ಪೂಜೆ ಉದ್ದವಾಯಿತು. ಇನ್ನಷ್ಟು ಉದ್ದವಾಯಿತು. ಅತ್ತೆಯವರು ಹಸಿದಷ್ಟೂ ಹೆಮ್ಮೆಪಟ್ಟರು. ಕಟ್ಟೆಗೆ ಬಂದವರಿಗೆಲ್ಲ, "ನನ್ನ ಮಗಾ ಈಗ ತಾಸಗಟ್ಟಲೆ ಕುಂದ್ರತಾನ್ರಿ," ಅನ್ನುವುದು. ನಾನೇನು ಕಡಿಮೆಯೆ? ತವರಿಗೆ ಫೋನು ಮಾಡಿ, ಹಿಂದಿನ ಜನ್ಮದ ಪುಣ್ಯ ಎಂದು ಕೊಚ್ಚಿಕೊಂಡೆ. ಪಕ್ಕದ ಮನೆಯ ಸಿದ್ದಪ್ಪ ಕಾಕಾ ತಮ್ಮ ಮಗನನ್ನು ಕರೆತಂದು ಇವರ ಕಾಲಿಗೆ ಬೀಳಿಸಿದರು. ಇವರು ಕಾಲು ಹಿಂದೆ ಎಳೆದುಕೊಂಡು ನೆಲ ನೋಡಿದರು. ವಿನಯ ಎಂದುಕೊಂಡೆವು!

ಒಳಗೆ ಏನು ನಡೆಯುತ್ತಿತ್ತು ಎಂದು ನನಗೆ ಆಮೇಲೆ ತಿಳಿದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಮುಚ್ಚಿಡುವ ಕೆಲಸ ಈ ಮನೆಯಲ್ಲಿ ಸಾಕಷ್ಟು ಆಗಿದೆ.

ಹುಬ್ಬಳ್ಳಿಯ ದುರ್ಗದಬೈಲಿನ ಆಚೆ ಒಂದು ಗಲ್ಲಿಯಲ್ಲಿ ಫಾರಿನ್ ಸಾಮಾನಿನ ಅಂಗಡಿ ಇತ್ತು. ಮುಂಬಯಿ ಬಂದರಿನಿಂದ ಬಂದ ಅತ್ತರು, ಲೈಟರು, ಮಡಚುವ ಛತ್ರಿ, ಹಾಡುವ ಗಡಿಯಾರ. ಗಾಜಿನ ಕಪಾಟಿನಲ್ಲಿ ಎಲ್ಲಕ್ಕೂ ಮೇಲೆ ಟಿವಿ ಗೇಮಿನ ಯಂತ್ರ. ಅದರ ಡಬ್ಬಿಯ ಮೇಲೆ ಜಪಾನಿನ ಅಕ್ಷರ. ಗಲ್ಲಿಯಲ್ಲಿ ಅದನ್ನು ಓದಬಲ್ಲವರು ಯಾರೂ ಇಲ್ಲ, ಅದಕ್ಕೇ ಅದರ ಮೇಲೆ ಇನ್ನಷ್ಟು ಭಕ್ತಿ. ಇವರು ಚಿಕ್ಕ ಹುಡುಗರಿದ್ದಾಗ ನಮ್ಮ ಮಾವನವರು ಸಂತೆಗೆ ಬಂದರೆ ಇವರನ್ನೂ ಕರೆತರುತ್ತಿದ್ದರು. ಅವರು ಸಂತೆ ಮಾಡುವಷ್ಟು ಹೊತ್ತು ಇವರು ಆ ಕಪಾಟಿಗೆ ಮೂಗು ಒತ್ತಿ ನಿಲ್ಲುವುದು. ಅಂಗಡಿಯವರ ಮಗ ಅಸದ ಇವರದೇ ವಯಸ್ಸು. ಗಿರಾಕಿ ಇಲ್ಲದಾಗ ಒಳಗೆ ಕರೆದು ಆಡಿಸುತ್ತಿದ್ದನಂತೆ. ಒಬ್ಬ ಪುಟ್ಟ ಸೈನಿಕ ಕೋಟೆ ಹತ್ತುವ ಆಟ. ಬಾಗಿಲಿಗೊಬ್ಬ ಕಾವಲುಗಾರ. ಕೊನೆಯ ಬಾಗಿಲ ಆಚೆ ಏನಿದೆ ಎಂದು ಆ ಗಲ್ಲಿಯ ಹುಡುಗರು ಯಾರೂ ಕಂಡಿರಲಿಲ್ಲ. ರಾಣಿ ಇದ್ದಾಳೆ ಅಂತ ಅಸದ. ಇನ್ನೊಂದು ಕೋಟೆ ಅಂತ ಇವರು. ಒಂದು ದಿನ ಮಾವನವರು ಕಂಡು, ಕಿವಿ ಹಿಡಿದು ಸಂತೆಯ ನಡುವೆ ಎಳೆದುಕೊಂಡು ಬಂದರು. ಅಲ್ಲಿಗೆ ಆಟ ಮುಗಿಯಿತು.

ಮುಗಿಯಲಿಲ್ಲ ಅನ್ನುವುದು ನನಗೆ ಈಗ ಗೊತ್ತಾಗಿದೆ. ಹತ್ತಿ ವ್ಯಾಪಾರಿಯಾದರು, ಮದುವೆಯಾದರು, ತಲೆ ನರೆಯಿತು. ಹುಬ್ಬಳ್ಳಿಗೆ ಹೋದಾಗಲೆಲ್ಲ ಆ ಅಂಗಡಿಗೆ ಹೋಗಿ ಚಹಾ ಕುಡಿದು ಬರುತ್ತಿದ್ದರಂತೆ, ನನಗೆ ಹೇಳದೆ. ಫಾರಿನ್ ಸಾಮಾನು ಹೋಗಿ ಮೊಬೈಲ್ ಕವರು ಬಂದವು, ಅದೂ ನಡೆಯದೆ ಹೋದ ವರ್ಷ ಅಸದ ಅಂಗಡಿ ಮುಚ್ಚಿದ. "ಕುಬೇರ ಭಾಯಿ, ನಿಮ್ಮ ಕೋಟಿ ಇನ್ನೂ ಐತ್ರಿ. ಗುಜರಿಗೆ ಹಾಕಲೋ, ನೀವ ಒಯ್ತೀರೋ?" ಎಂದು ಕೇಳಿದ. ಇವರು ಹತ್ತಿಯ ಚೀಲದಲ್ಲಿ ಯಂತ್ರ, ಕ್ಯಾಸೆಟ್ಟು, ಹಳೆಯ ಡಬ್ಬಿ ಟಿವಿ ಎಲ್ಲ ತುಂಬಿಕೊಂಡು, ನಾನೂ ಅತ್ತೆಯವರೂ ಒಂದು ಮದುವೆಗೆ ಹೋದಾಗ ನೋಡಿ ಮನೆಗೆ ತಂದರು. ಬಿಳಿ ಪ್ಲಾಸ್ಟಿಕ್ಕು ಹಳದಿಯಾಗಿತ್ತು. ಮೂಸಿದರೆ ಇನ್ನೂ ಆ ಅಂಗಡಿಯ ಅತ್ತರಿನ ವಾಸನೆ ಇತ್ತಂತೆ.

ನಮಗೆ ಹೇಳಲು ನಾಚಿಕೆ. ನಾಲ್ಕು ಜನರಿಗೆ ನ್ಯಾಯ ಹೇಳುವವ ಕೂಸಿನ ಆಟ ಆಡುತ್ತಾನೆಂದರೆ ಏನು ಅಂದಾರು? ಅಲ್ಲಾ, ಹೇಳಿದ್ದರೆ ನಾನೇನು ಮಾಡುತ್ತಿದ್ದೆ? ಹೊಟ್ಟೆ ಹಿಡಿದು ನಗುತ್ತಿದ್ದೆ, ನಕ್ಕು ಚಹಾ ಮಾಡಿ ಕೊಡುತ್ತಿದ್ದೆ. ಅಷ್ಟು ನಗುವಿಗೆ ಹೆದರಿ ಈ ಮನುಷ್ಯ ದೇವರನ್ನು ಮುಂದೆ ಮಾಡಿದರು. ಮೊದಲು ಪೂಜೆ ಮುಗಿಸಿ ಆಡುತ್ತಿದ್ದರಂತೆ. ಆಮೇಲೆ ಆಡಿ ಪೂಜೆ. ಆಮೇಲೆ ಬರೀ ಆಟ. ಎದ್ದು ಹೊರಡುವಾಗ ಹಣೆಗೆ ವಿಭೂತಿ ಬಳಿದುಕೊಂಡು ಬಂದು, ಅದೇ ಬೆರಳಿಂದ ತಾಯಿಗೂ ಹಚ್ಚುವುದು. ಹಳೆಯ ಆಟ, ಈಗಿನ ಮೊಬೈಲಿನಂತೆ ಬಿಟ್ಟಲ್ಲಿಂದ ಮುಂದುವರಿಸಲು ಬರುವುದಿಲ್ಲ. ನಡುವೆ ತಡೆಯುವ ಗುಂಡಿ ಎಂದೋ ಕೆಟ್ಟಿತ್ತು. ಎದ್ದರೆ ಮತ್ತೆ ಕೋಟೆಯ ಬುಡದಿಂದ ಹತ್ತಬೇಕು. ಅದಕ್ಕೇ ಪೂಜೆ ಉದ್ದ.

ಕಾರ್ತಿಕದ ಒಂದು ಸೋಮವಾರ. ಗುಳಿಗೆ ಕೊಟ್ಟು, ರೊಟ್ಟಿ ಬಡಿದು, ಪಲ್ಯ ಮಾಡಿ ಬಂದು ನೋಡಿದರೆ ಬಾಗಿಲು ಮುಚ್ಚಿಯೇ ಇದೆ. ಅತ್ತೆಯವರ ಹಣೆಯಲ್ಲಿ ಬೆವರು.

"ಅತ್ತೀ, ಎರಡ ತುತ್ತ ತಿನ್ರಿ. ಶಿವಾ ಏನೂ ಅನ್ನಂಗಿಲ್ಲ."

"ಹುಚ್ಚಿ ಹಂಗ ಮಾತಾಡಬ್ಯಾಡ. ಒಳಗ ಪೂಜಿ ನಡದೈತಿ, ನಾ ಹೊರಗ ತಿನ್ನಲ್ಯಾ?"

ಸ್ವಲ್ಪ ಹೊತ್ತಿಗೆ ಮಾತು ತೊದಲಿತು. ನನ್ನನ್ನು ಬೇರೆ ಯಾರದೋ ಹೆಸರಿಂದ ಕರೆದರು. ನಾನು ಸಕ್ಕರೆ ತರಲು ತಿರುಗುವುದರೊಳಗೆ ಕುರ್ಚಿಯಿಂದ ಜಾರಿ ಬಿದ್ದರು. ಪಕ್ಕದ ತಂಬಿಗೆ ಉರುಳಿ ನೀರೆಲ್ಲ ಚೆಲ್ಲಿತು. ನಾನು ಎರಡೂ ಕೈಯಿಂದ ಬಾಗಿಲು ಬಡಿದೆ. "ರೀ, ಅತ್ತಿ ಬಿದ್ರು! ಲಗೂ ಬಾಗಲಾ ತಗೀರಿ!"

ಒಳಗಿಂದ ಗಂಟೆಯ ಸದ್ದು ಬಂತು.

ಹೌದು, ಗಂಟೆ. ನಾನು ಮತ್ತೆ ಕೂಗಿದೆ, ಮತ್ತೆ ಗಂಟೆ. ಮೈಯೆಲ್ಲ ಉರಿದು ಹೆಗಲು ಕೊಟ್ಟು ದೂಡಿದೆ. ಹಳೆಯ ಚಿಲಕ ಕಿತ್ತು ಬಂತು. ಅಯ್ಯ ಶಿವನೇ! ಚಾಪೆಯ ಮೇಲೆ ಪದ್ಮಾಸನ ಹಾಕಿಕೊಂಡು, ಒಂದು ಕೈಯಲ್ಲಿ ಗಂಟೆ, ಇನ್ನೊಂದು ಕೈಯಲ್ಲಿ ಆಟದ ಗುಂಡಿಗಳು, ಎದುರಿಗೆ ಸದ್ದಿಲ್ಲದೆ ಮಿನುಗುವ ಟಿವಿ. ಲಿಂಗದ ಕರಡಿಗೆ ಅಂಗಿಯ ಒಳಗೇ ಇತ್ತು. ನನ್ನನ್ನು ನೋಡುವ ಮೊದಲು ಈ ಮನುಷ್ಯ ಇನ್ನೊಮ್ಮೆ ಟಿವಿ ನೋಡಿದರು. ಅದನ್ನು ನಾನು ಕಂಡೆ. ಕಾಣದಿದ್ದರೆ ಚೆನ್ನಾಗಿತ್ತು.

ದವಾಖಾನೆಯಲ್ಲಿ ಗ್ಲೂಕೋಸು ಹಚ್ಚಿದ ಮೇಲೆ ಅತ್ತೆಯವರು ಕಣ್ಣು ತೆರೆದರು. "ಗುಳಿಗಿ ಕೊಟ್ಟು ಊಟಾ ಯಾಕ ಮಾಡಿಸ್ಲಿಲ್ಲ?" ಎಂದು ಡಾಕ್ಟರು ಗದರಿದರು. ನಾನು ಇವರ ಮುಖವನ್ನೇ ನೋಡುತ್ತ, "ಇವರ ಪೂಜಿ ಆಗಿರಲಿಲ್ರಿ," ಅಂದೆ. ಇವರ ಕುತ್ತಿಗೆ ಮುರಿದಂತೆ ಬಗ್ಗಿತು.

ಹೊರಗೆ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದರು. ನಾನು ಒಂದೇ ಕೇಳಿದೆ. "ನಾ ಒದರಿದ್ದು ಕೇಳಿತ್ತೇನ್ರಿ ನಿಮಗ?"

"ಕೇಳಿತ್ತು."

"ಅತ್ತಿ ಬಿದ್ರು ಅಂದಿದ್ದು?"

"ಅದೂ ಕೇಳಿತ್ತು. ಕಡೀ ಬಾಗಲಾ ತೆರಿಯಾಕತ್ತಿತ್ತು, ದಾಕ್ಷಾಯಿಣಿ. ಇನ್ನೊಂದ ಗಳಿಗಿ ಅಂತ ಅನ್ನಿಸ್ತು. ನನಗ ನಾಚಿಕಿ ಆಗತೈತಿ, ನನ್ನ ಮಾರಿ ನೋಡಬ್ಯಾಡ." ಬಿಳಿ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅಷ್ಟರಲ್ಲಿ ಸಿದ್ದಪ್ಪ ಕಾಕಾ ಎಳನೀರು ಹಿಡಿದುಕೊಂಡು ಬಂದು, "ಇಂಥಾ ಶಿವಭಕ್ತನ ತಾಯಿಗೆ ಏನೂ ಆಗಂಗಿಲ್ಲ, ಹೆದರಬ್ಯಾಡ್ರಿ," ಅಂದರು. ನಾವಿಬ್ಬರೂ ಕಳ್ಳರ ಹಾಗೆ ತಲೆ ಆಡಿಸಿದೆವು.

ಅತ್ತೆಯವರನ್ನು ಮನೆಗೆ ಕರೆತಂದ ಮರುದಿನ ಮುಂಜಾನೆ ಇವರು ಯಂತ್ರವನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದರು. ಸ್ನಾನ ಮಾಡಿ ಪೂಜೆಗೆ ಕೂತರು. ಖರೇ ಪೂಜೆ. ಚಿಲಕ ಇಲ್ಲದ ಬಾಗಿಲ ಸಂದಿಯಿಂದ ನಾನೇ ನೋಡಿದೆ. ಅಂಗೈಯಲ್ಲಿ ಲಿಂಗ, ಕಣ್ಣಲ್ಲಿ ನೀರು. ಖರೇ ಪೂಜೆ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟೇ ಹಿಡಿಯಿತು. ವಿಭೂತಿ ಬೆರಳಲ್ಲಿ ಹಿಡಿದು ಹೊರಗೆ ಬಂದು ತಾಯಿಯ ಹಣೆಗೆ ಬಗ್ಗಿದರು.

ಅತ್ತೆಯವರು ಮುಖ ಹಿಂದೆ ಎಳೆದುಕೊಂಡರು. "ಇಷ್ಟ ಲಗೂ?"

"ಆತವ್ವಾ."

"ನನ್ನ ಹೊಟ್ಟಿ ಸಲುವಾಗಿ ಶಿವಗ ಕಡಿಮಿ ಮಾಡಿದಿ? ಅರ್ಧಾ ಪೂಜಿ ವಿಭೂತಿ ನನಗ ಬ್ಯಾಡ. ಹೋಗು, ದಿನಾ ಮಾಡಿದಂಗ ಪೂರಾ ಮಾಡಿ ಬಾ."

ಗುಳಿಗೆ ಆಗಲೇ ಅವರ ಹೊಟ್ಟೆ ಸೇರಿತ್ತು. ಇವರು ನನ್ನ ಕಡೆ ನೋಡಿದರು. ಒಳಗೆ ಹೋಗಿ ಸುಮ್ಮನೆ ಕೂತು ಬರಬಹುದಿತ್ತು. ಹಾಗೆ ಮಾಡಿದ್ದರೆ ಅತ್ತೆ ಕಾಯುತ್ತಿದ್ದರು, ಮತ್ತೆ ಬೀಳುತ್ತಿದ್ದರು. ನಿಜ ಹೇಳಬೇಕಾದವಳು ನಾನಲ್ಲ.

ಇವರು ತಾಯಿಯ ಕಾಲ ಬಳಿ ಕೂತರು. "ಯವ್ವಾ, ಇವತ್ತಿಂದ ಪೂರಾ ಪೂಜಿ. ಹಿಂದಿಂದು ಪೂಜಿ ಅಲ್ಲ. ನಾ ಒಳಗ ಆಟಾ ಆಡತಿದ್ದೆ. ಬರೇ ವಿಭೂತಿ ಹಚ್ಚಿಕೊಂಡು ಹೊರಗ ಬರತಿದ್ದೆ. ನಿನ್ನ ಉಪಾಸ ಕುಂಡ್ರಿಸಿದೆ ಯವ್ವಾ, ನಿನ್ನ ಜೀವಕ್ಕ ಕುತ್ತ ತಂದೆ. ನನ್ನ ಕಾಲ್ಮರಿ ತೊಗೊಂಡು ಹೊಡಿ."

ಅತ್ತೆಯವರು ಹಸಿವಿನ ಬಗ್ಗೆ ಕೇಳುತ್ತಾರೆ, ಬಿದ್ದದ್ದರ ಬಗ್ಗೆ ಕೇಳುತ್ತಾರೆ ಎಂದು ನಾನು ಕಾದೆ. ಅವರು ಅದನ್ನೆಲ್ಲ ಕೇಳಲಿಲ್ಲ.

"ಹಂಗಾದ್ರ ಶ್ರಾವಣದಿಂದ ನಾ ಪೂಜಿ ಇಲ್ಲದ ಉಂಡೇನಿ," ಅಂದರು.

ಇದು ಇವರಿಗೆ ಹೊಳೆದಿರಲೇ ಇಲ್ಲ. ನನಗೂ ಹೊಳೆದಿರಲಿಲ್ಲ. ತಾಯಿಯನ್ನು ಹಸಿವಿಗೆ ಕೆಡವಿದೆ ಎಂದು ಇವರು ಅಳುತ್ತಿದ್ದರೆ, ಆಕೆಗೆ ಉಂಡ ಒಂದೊಂದು ತುತ್ತೂ ನೆನಪಾಗುತ್ತಿತ್ತು. ಜೀವಮಾನದಲ್ಲಿ ತಪ್ಪದ್ದು ಮಗನ ಕೈಯಲ್ಲಿ ತಪ್ಪಿತ್ತು.

ಅತ್ತೆಯವರು ಸೆರಗು ಸರಿಸಿ ಕೊರಳಿನ ಕರಡಿಗೆ ಹೊರಗೆ ತೆಗೆದರು. ಬೆರಳು ಅದರ ಮುಚ್ಚಳ ತೆಗೆಯಲು ತಡಕಾಡಿದವು. ಇವರು ಥಟ್ಟನೆ ಎರಡೂ ಅಂಗೈ ಜೋಡಿಸಿ ಅವರ ಕೈಯ ಕೆಳಗೆ ಚಾಚಿದರು.

"ನಿನ್ನ ಕೈ ಬ್ಯಾಡಪಾ," ಅಂದರು. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ದಾಕ್ಷವ್ವಾ, ನೀ ಬಾ. ಕೈ ಹಿಡಿ."

ನಾನು ಹಿಟ್ಟಿನ ಕೈ ತೊಳೆದುಕೊಂಡು ಹೋದೆ. ಇವರು ಸ್ವಲ್ಪ ಸರಿದು ನನಗೆ ಜಾಗ ಬಿಟ್ಟರು. ಚಾಚಿದ ಕೈ ಹಾಗೇ ಇತ್ತು.