ಪಟ್ಟಿ ಬಿಗಿಯುವ ಲೈಲ್

ವಯೋಮಿಂಗ್‌ನ ರೋಡಿಯೊ ಎಂಬ ಕುದುರೆ ಸವಾರಿ ಪಂದ್ಯದಲ್ಲಿ ಕುದುರೆಯ ಕಿಬ್ಬೊಟ್ಟೆಗೆ ಪಟ್ಟಿ ಬಿಗಿಯುವುದು ಲೈಲ್‌ನ ಕೆಲಸ. ಬಿಗಿದರೆ ಕುದುರೆ ನೆಗೆಯುತ್ತದೆ, ನೆಗೆದರೆ ಸವಾರನಿಗೆ ಅಂಕ. 'ಅದಕ್ಕೇನೂ ನೋವಾಗಲ್ಲ' ಎಂದು ಆರು ವರ್ಷದಿಂದ ಎಲ್ಲರಿಗೂ ಹೇಳುತ್ತಿದ್ದವನು, ಅಂದು ಬೆಳಿಗ್ಗೆ ಅದೇ ಪಟ್ಟಿಯನ್ನು ತನ್ನ ಹೊಟ್ಟೆಗೇ ಬಿಗಿದುಕೊಂಡು ಲಾಯದ ತುಂಬ ಕುಣಿದಿದ್ದ.

ಮಧ್ಯಾಹ್ನ ಮುದಿ ಹೆಣ್ಣುಕುದುರೆ ಜೂನಿಪರ್‌ಳ ಸರದಿ ಬಂದಾಗ ಪಟ್ಟಿಯನ್ನು ಸಡಿಲವಾಗಿಯೇ ಬಿಟ್ಟ. ಅಖಾಡದ ಬಾಗಿಲು ತೆರೆಯಿತು. ಅವಳು ನೆಗೆಯಲಿಲ್ಲ, ಬಿಸಿಲು ಬೆರೆತ ಧೂಳಿನಲ್ಲಿ, ಯಾವುದೋ ಹುಲ್ಲುಗಾವಲು ನೆನಪಾದವಳಂತೆ ಮೆಲ್ಲಗೆ ನಡೆದಳು. ಸವಾರ ಮೆರವಣಿಗೆ ಹೊರಟವನಂತೆ ಕೂತಿದ್ದ.

'ಬಿಗಿಯೋದು ಮರೆತ್ಯೇನೋ, ನಿದ್ದೆಗಣ್ಣ?' ಎಂದ ಯಜಮಾನ ಹಾರ್ಲನ್.

'ಮರೀಲಿಲ್ಲ ಯಜಮಾನ್ರೆ. ನಂಗೆ ಬಿಗಿದಾಗ ನಾನೂ ನೆಗೆದೆ.'

'ಹಾಗಾದ್ರೆ ನಾಳೆಯಿಂದ ಮನೇಲೇ ನೆಗೀತಿರು.'

ಲೈಲ್ ತಲೆಯಾಡಿಸಿದ. ಸವಾರ ಇಳಿದುಹೋದದ್ದೂ ತಿಳಿಯದೆ ಜೂನಿಪರ್ ಇನ್ನೂ ನಡೆಯುತ್ತಲೇ ಇದ್ದಳು.