ಸುಳ್ಳು ಹೇಳಿ ತುಂಬಿಸಿದ ಮಡಿಲು

ಅಕ್ಕನನ್ನು ಎಂಟು ದಿನ ಮನೆಯಲ್ಲಿಟ್ಟುಕೋ ಎಂದಷ್ಟೇ ನನ್ನನ್ನು ಕೇಳಿದ್ದರು. ನಾನು ಮೂರನೆಯ ದಿನವೇ ಕಳಿಸಿಬಿಟ್ಟೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಲಷ್ಕರ್ ಮೊಹಲ್ಲಾದಲ್ಲಿ ನನ್ನದೊಂದು ಹೊಲಿಗೆ ಅಂಗಡಿ, ಹಿಂದೆ ವಾಸಕ್ಕೊಂದು ಕೋಣೆ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಎರಡು ಬೀದಿ ಆಚೆ ಅವಳ ಮನೆ. ಭಾವ ಅವಳನ್ನು ಹೊಡೆಯುತ್ತಿದ್ದ. ಬೀದಿಗೆಲ್ಲ ಗೊತ್ತಿದ್ದ ಮಾತು.

ಆ ಬೀದಿಯ ಹೆಂಗಸರು ನಲ್ಲಿಯ ಹತ್ತಿರ ಸೇರಿ ಒಂದು ಕಟ್ಟು ಮಾಡಿಕೊಂಡಿದ್ದರು. ಯಾವ ಮನೆಯಲ್ಲಿ ಹೆಂಡತಿಗೆ ಏಟು ಬಿದ್ದರೂ ಐದಾರು ಜನ ಮೊರ ಹಿಡಿದು ಹೋಗಿ, ಆ ಮನೆಯ ಜಗಲಿಯ ಮೇಲೆ ಅಕ್ಕಿ ಆರಿಸುತ್ತ ಕೂರುವುದು. ಬೈಗುಳವಿಲ್ಲ, ಕೂಗಾಟವಿಲ್ಲ. ಇನ್ನು ಕೈಯೆತ್ತುವುದಿಲ್ಲ ಎಂದು ಗಂಡ ಅವರೆದುರು ಹೇಳುವವರೆಗೆ ಏಳುವುದಿಲ್ಲ. ಅವರಿಗೆ ಮುಂದಾಳು ಒಬ್ಬ ಸೂಲಗಿತ್ತಿ. ಬೀದಿಯ ಅರ್ಧ ಗಂಡಸರನ್ನು ಹುಟ್ಟಿದಾಗ ಮೊದಲು ಎತ್ತಿಕೊಂಡವಳೇ ಅವಳು. ನನ್ನ ಗಿರಾಕಿಗಳು "ಮೊರದ ಪೋಲೀಸು ಬಂತಪ್ಪೋ" ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಒಂದು ಮಧ್ಯಾಹ್ನ ಅಕ್ಕ ಬರಿಗಾಲಲ್ಲಿ ಬಂದಳು. ಹಿಂದೆಯೇ ಸೂಲಗಿತ್ತಿ.

"ಎಂಟು ದಿನ ಕಳಿಸಬ್ಯಾಡ ಕಣಪ್ಪ. ಅವನು ಬಂದು ಕಾಲಿಗೆ ಬಿದ್ರೂ ಕಳಿಸಬ್ಯಾಡ. ನಮ್ಮೆದುರು ಮಾತು ಕೊಟ್ಟ ಮ್ಯಾಲೆ ನಾನೇ ಬಂದು ಕರ್ಕೊಂಡೋಗ್ತೀನಿ."

"ಆಗಲಿ ಕಣಜ್ಜಿ" ಎಂದೆ.

ಆಗ ನನ್ನ ಮದುವೆಯ ಮಾತು ನಡೆಯುತ್ತಿತ್ತು. ಹೆಣ್ಣಿನ ಕಡೆಯವರು ಆ ವಾರವೇ ಮನೆ ನೋಡಲು ಬರುವವರಿದ್ದರು. ಗಂಡನನ್ನು ಬಿಟ್ಟು ಬಂದ ಅಕ್ಕ ಕಣ್ಣಿಗೆ ಬಿದ್ದರೆ? ಮಿಷನ್ನಿನ ಮುಂದೆ ಕೂರಲಾಗುತ್ತಿರಲಿಲ್ಲ. ಒಂದೇ ರವಿಕೆಯ ತೋಳನ್ನು ಎರಡು ಸಲ ಬಿಚ್ಚಿದೆ. ಎದ್ದು ಹೋಗಿ ಬೀದಿ ನೋಡಿ ಬರುತ್ತಿದ್ದೆ.

"ಯಾಕೋ, ಚೇಳು ಕಡಿದೋನ ಥರ ಆಡ್ತೀಯ?" ಎಂದಳು ಅಕ್ಕ.

ಮೂರನೆಯ ಬೆಳಿಗ್ಗೆ ತಡೆಯಲಾಗಲಿಲ್ಲ. "ಭಾವ ಸಿಕ್ಕಿದ್ರು. ತಪ್ಪಾಯ್ತು, ಕಳಿಸಿಕೊಡು ಅಂದ್ರು" ಎಂದುಬಿಟ್ಟೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. "ನಿನ್ನ ಹತ್ರ ಅಂದ್ರಾ?"

"ನನ್ನ ಹತ್ರಾನೇ."

ಬರಿಮಡಿಲಲ್ಲಿ ಕಳಿಸಿದರೆ ತವರಿಗೆ ಅವಮಾನ. ಪಕ್ಕದ ಮನೆಯ ಮುತ್ತೈದೆಯನ್ನು ಕರೆದು ಮಡಿಲು ತುಂಬಿಸಿದೆ. ಅಕ್ಕಿ, ಬೆಲ್ಲ, ಕೊಬ್ಬರಿ, ವೀಳ್ಯದೆಲೆ, ಅಂಗಡಿಯದೇ ಒಂದು ರವಿಕೆ ಕಣ. "ರಾಜಿ ಆಯ್ತೇನಪ್ಪ?" ಎಂದು ಆಕೆ ಕೇಳಿದಳು. ಆಯ್ತು ಎಂದೆ. ನಾನೇ ಭಾವನ ಬಾಗಿಲವರೆಗೆ ಬಿಟ್ಟು ಬಂದೆ.

ಆ ಮಡಿಲಕ್ಕಿಯೇ ಅವಳಿಗೆ ಮುಳುವಾಯಿತು. ಅಂದೇ ಸಂಜೆ ಕೂಗು ಕೇಳಿ ಹೆಂಗಸರು ಮೊರ ಹಿಡಿದು ಹೋದಾಗ ಭಾವ ಆ ಅಕ್ಕಿಯ ಗಂಟನ್ನು ತಂದು ಹೊಸಿಲ ಮೇಲಿಟ್ಟನಂತೆ.

"ನೋಡ್ರಮ್ಮ, ನಾನು ಕರೀದೇ ಇದ್ರೂ ಇವಳ ತಮ್ಮನೇ ಮಡಿಲು ತುಂಬಿ ಕಳಿಸವ್ನೆ. ತವರಿಗಿಲ್ಲದ ನೋವು ನಿಮಗ್ಯಾಕೆ?"

ತವರು ಮಡಿಲು ತುಂಬಿತೆಂದರೆ ಅಲ್ಲಿಗೆ ಜಗಳ ಮುಗಿಯಿತು ಎಂದೇ ಲೆಕ್ಕ. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಸೂಲಗಿತ್ತಿ ಒಬ್ಬಳೇ ಕೂತಳು. ಒಬ್ಬಳಿಗೆ ಯಾರು ಹೆದರುತ್ತಾರೆ? ಭಾವ ಒಳಗಿನಿಂದ ಅಗುಳಿ ಹಾಕಿಕೊಂಡ. ಅಕ್ಕನ ಎಡಕಿವಿ ಹೋದದ್ದು ಅವತ್ತೇ.

ಮಾರನೆಯ ದಿನ ಅವರೆಲ್ಲ ಮತ್ತೆ ಹೋಗಿ, ಯಾರ ಮಾತಿಗೂ ಕಾಯದೆ ಅಕ್ಕನನ್ನು ಹೊರಗೆ ಕರೆತಂದರು. ಸೂಲಗಿತ್ತಿ ತನ್ನ ಮನೆಯಲ್ಲೇ ಇಟ್ಟುಕೊಂಡಳು. ಅಕ್ಕ ಹೂ ಕಟ್ಟಿ ಮಾರಿ ಬದುಕಿದಳು. ನನ್ನ ಮದುವೆಯೂ ಆಯಿತು, ಅಕ್ಕ ಬರಲಿಲ್ಲ. ನಾನು ಕರೆದೂ ಇರಲಿಲ್ಲ.

ಎರಡು ವರ್ಷ ನಲ್ಲಿಯ ಬೀದಿ ತಪ್ಪಿಸಿ ಸುತ್ತುದಾರಿಯಲ್ಲಿ ಓಡಾಡಿದೆ. ಮನೆಯಲ್ಲಿ ನಿಲ್ಲಲಾಗದೆ ದೇವಿಯ ಬೆಟ್ಟದ ಮೆಟ್ಟಿಲು ಹತ್ತಿ, ಗುಡಿಯ ಒಳಗೆ ಹೋಗದೆ ಇಳಿದು ಬಂದದ್ದೂ ಉಂಟು. ತಪ್ಪಾಯ್ತು ಎಂದು ಅಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಕೊನೆಗೊಂದು ಬೆಳಿಗ್ಗೆ ನಲ್ಲಿಯ ಹತ್ತಿರವೇ ಹೋದೆ. ಅಕ್ಕ ಬಿಂದಿಗೆ ಹಿಡಿದು ಸಾಲಿನಲ್ಲಿದ್ದಳು. ಪಕ್ಕದಲ್ಲಿ ನಿಂತು "ಅಕ್ಕ" ಎಂದೆ. ತಿರುಗಲಿಲ್ಲ.

"ಆ ಕಿವಿ ಕೇಳಲ್ಲ ಕಣಪ್ಪ, ಈ ಕಡೆ ಬಾ" ಎಂದಳು ಸೂಲಗಿತ್ತಿ. "ಜೋರಾಗಿ ಹೇಳು. ಸುಳ್ಳು ಹೇಳೋವಾಗ ಗಂಟಲು ಚೆನ್ನಾಗೇ ಇತ್ತಲ್ಲ."

ಯಾರೋ ನಲ್ಲಿ ನಿಲ್ಲಿಸಿದರು. ನಾನು ಬಲಗಡೆಗೆ ಹೋದೆ. ಅಷ್ಟು ಹೆಂಗಸರ ಎದುರಿಗೆ ಕೂಗಿಯೇ ಹೇಳಿದೆ:

"ಭಾವ ನನಗೆ ಸಿಕ್ಕೇ ಇರಲಿಲ್ಲ ಕಣಕ್ಕ. ನನ್ನ ಮದುವೆ ನಿಂತೋದೀತು ಅಂತ ಸುಳ್ಳು ಹೇಳಿ ನಿನ್ನ ಕಳಿಸ್ಬುಟ್ಟೆ. ತಪ್ಪಾಯ್ತು ಕಣಕ್ಕ."